ಬ್ರಿಟನ್ನಿನಲ್ಲಿ ಸ್ವಂತ ವ್ಯಾನ್ ಇಟ್ಟುಕೊಂಡ ಬಡಗಿ ಕೈತುಂಬಾ ದುಡಿಯುತ್ತಾನೆ ಅಂತಾರೆ. ನಿಜಕ್ಕೂ ಅಷ್ಟು ದುಡ್ಡು ಸಿಗುತ್ತಾ?

ದಿನಕ್ಕೆ 200 ಪೌಂಡ್ ಅಂತಿಟ್ಟುಕೊಳ್ಳಿ. ತಕ್ಷಣ ರೂಪಾಯಿಗೆ ಗುಣಿಸಿ ಬಾಯಿ ಬಿಡುತ್ತೇವೆ, ಅಲ್ವಾ? ಆದರೆ ಅದು ಸಂಬಳವಲ್ಲ. ರಜೆಗೆ ದುಡ್ಡಿಲ್ಲ, ಜ್ವರ ಬಂದು ಮಲಗಿದರೆ ಆ ದಿನದ ಗಳಿಕೆ ಸೊನ್ನೆ, ಗಿರಾಕಿ ಮನೆಗೆ ಹೋಗಿ ಅಳತೆ ತೆಗೆದು ರೇಟು ಹೇಳಿ ಬರೋದೂ ಬಿಟ್ಟಿ.

ಕಂಟ್ರಾಕ್ಟರ್ ಕೈಕೆಳಗೆ ಮಾಡಿದರೆ ಕಟ್ಟಡ ಕೆಲಸದವರಿಗೆ ಸಿಐಎಸ್ ಅನ್ನೋ ತೆರಿಗೆ ಪದ್ಧತಿ ಇದೆ. ನೋಂದಣಿ ಮಾಡಿಸಿದವರ ಕೂಲಿಯಿಂದ ಸಾಮಾನ್ಯವಾಗಿ ಶೇ. 20, ಮಾಡಿಸದಿದ್ದರೆ ಶೇ. 30 ಮೊದಲೇ ಹಿಡಿದು ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಮರ, ಸ್ಕ್ರೂ ತಂದ ಖರ್ಚಿನ ಮೇಲೆ ಹಿಡಿಯುವುದಿಲ್ಲ. ಏಪ್ರಿಲ್ 5ಕ್ಕೆ ಅಲ್ಲಿನ ತೆರಿಗೆ ವರ್ಷ ಮುಗಿಯುತ್ತದೆ. ಆಮೇಲೆ ಡೀಸೆಲ್, ವಿಮೆ, ಗರಗಸದ ಬ್ಲೇಡು ಎಲ್ಲದರ ಲೆಕ್ಕ ಕೊಟ್ಟರೆ ಜಾಸ್ತಿ ಹಿಡಿದದ್ದು ವಾಪಸ್ ಬರುತ್ತದೆ. ಹಾಗಾಗಿ ಬಿಲ್ ಬಿಸಾಡೋ ಬಡಗಿ ತನ್ನ ಜೇಬಿಗೆ ತಾನೇ ಕತ್ತರಿ ಹಾಕಿಕೊಂಡ ಹಾಗೆ.

ವ್ಯಾನ್ ಬೇರೆ ತಲೆನೋವು. 2023ರ ಆಗಸ್ಟ್‌ನಿಂದ ಇಡೀ ಲಂಡನ್ ಯುಲೆಜ್ ವಲಯ, ಅಂದರೆ ಹೊಗೆ ಜಾಸ್ತಿ ಉಗುಳುವ ಗಾಡಿಗೆ ಶುಲ್ಕ ಹಾಕುವ ಜಾಗ. ಹಳೇ ಡೀಸೆಲ್ ವ್ಯಾನ್ ಓಡಿಸಿದ ದಿನವೆಲ್ಲ 12.50 ಪೌಂಡ್. ಅದಕ್ಕಿಂತ ಹೊಟ್ಟೆ ಉರಿಸೋದು ಕಳ್ಳತನ. 'ರಾತ್ರಿ ಈ ವ್ಯಾನಲ್ಲಿ ಸಾಮಾನು ಇರುವುದಿಲ್ಲ' ಅಂತ ಹಿಂಬಾಗಿಲಿಗೆ ಸ್ಟಿಕರ್ ಅಂಟಿಸಿಕೊಂಡು, ದಿನವಿಡೀ ಬಾಗಿಲು ಕೂರಿಸಿ ಸೊಂಟ ನೋಯುತ್ತಿದ್ದರೂ ಡ್ರಿಲ್, ನೇಲ್ ಗನ್ನು, ಗರಗಸ ಎಲ್ಲ ಹೊತ್ತು ಮನೆಯೊಳಗೆ ಇಡುತ್ತಾರೆ. ಕೆಲವು ವಿಮೆಗಳು ರಾತ್ರಿ ವ್ಯಾನಲ್ಲಿ ಬಿಟ್ಟ ಸಾಮಾನಿಗೆ ದುಡ್ಡೇ ಕೊಡುವುದಿಲ್ಲ.

ಅಡುಗೆಮನೆ, ಮೆಟ್ಟಿಲು ಥರದ ನಾಜೂಕು ಕೆಲಸಕ್ಕೆ ಹೆಸರು ಮಾಡಿ, ಬಾಯಿಮಾತಿನಲ್ಲೇ ಗಿರಾಕಿ ಸಿಗುವವರು ಚೆನ್ನಾಗೇ ದುಡಿಯುತ್ತಾರೆ. ಹೊಸಬರು ಮೊದಲು ಯಾರದಾದರೂ ಕೈಕೆಳಗೆ ಇರೋದೇ ವಾಸಿ.