ರೋಬೋಟಿಕ್ ಕೈ ಅಡಿಕೆ ತೋಟಕ್ಕೆ ಒಗ್ಗೀತೇ?

ಪ್ರಶ್ನೆ: ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತಮ್ಮನ ಬಲಗೈ ಮೊಣಕೈಗೂ ಮಣಿಗಂಟಿಗೂ ನಡುವೆ ತುಂಡಾಗಿದೆ. ಗಾಯ ಮಾಗಿದೆ. ಮನೆಯಲ್ಲಿ ಅಡಿಕೆ ತೋಟವಿದೆ. ರೋಬೋಟಿಕ್ ಕೈ ಹಾಕಿಸಿದರೆ ಮೊದಲಿನಂತೆ ಕೆಲಸ ಮಾಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಮೊದಲಿನಂತೆ ಆಗದು. ಆದರೆ ಮೊಣಕೈ ಉಳಿದಿರುವುದು ದೊಡ್ಡ ಅನುಕೂಲ. ಬೆರಳು ಮಡಚುವ, ಬಿಡಿಸುವ ಸ್ನಾಯುಗಳ ಬುಡ ಇರುವುದು ಮೊಣಕೈ ಹತ್ತಿರವೇ. ಇಲ್ಲದ ಬೆರಳನ್ನು ಮಡಚಲು ಹೊರಟರೂ ಆ ಸ್ನಾಯು ಬಿಗಿಯುತ್ತದೆ. ಚರ್ಮದ ಮೇಲೆ ಹೆಚ್ಚೆಂದರೆ ಕೆಲವು ಮಿಲಿವೋಲ್ಟ್ ವಿದ್ಯುತ್ ಸಿಗುತ್ತದೆ. ಉಳಿದ ಕೈಯ ತುಂಡಿಗೆ ತೊಡಿಸುವ ಕವಚಕ್ಕೆ ಸಾಕೆಟ್ ಎನ್ನುತ್ತಾರೆ. ಅದರ ಒಳಗೋಡೆಯಲ್ಲಿ ಕೂರಿಸಿದ ಎರಡು ಎಲೆಕ್ಟ್ರೋಡ್‌ಗಳು ಇದನ್ನು ಹಿಡಿಯುತ್ತವೆ. ಒಂದರ ಸಂಕೇತಕ್ಕೆ ಕೈ ಮುಚ್ಚುತ್ತದೆ, ಇನ್ನೊಂದಕ್ಕೆ ತೆರೆಯುತ್ತದೆ. ಇದೇ ಮಯೋಎಲೆಕ್ಟ್ರಿಕ್ ಕೈ.

ಮುಂಗಡ ಕೊಡುವ ಮೊದಲೇ ಎರಡೂ ಸ್ನಾಯುಗಳನ್ನು ಪರೀಕ್ಷೆ ಮಾಡಿಸಿ. ಪರದೆಯಲ್ಲಿ ಎರಡು ಗೆರೆ ಕಾಣುತ್ತವೆ. ಮಡಚುವಾಗ ಒಂದು, ಬಿಡಿಸುವಾಗ ಇನ್ನೊಂದು ಏಳಬೇಕು. ಎರಡೂ ಒಟ್ಟಿಗೇ ಏಳುತ್ತಿದ್ದರೆ ಮೊದಲು ಅಭ್ಯಾಸ, ಆಮೇಲೆ ಕೈ. ಮಾರುವವರು ಬೆರಳುಗಳ ಚಮತ್ಕಾರ ತೋರಿಸುತ್ತಾರೆ. ನೀವು ನೋಡಬೇಕಾದದ್ದು ಸಾಕೆಟ್. ಅಳತೆ ಸರಿಯಿಲ್ಲದಿದ್ದರೆ ಎಷ್ಟು ಬೆಲೆಯ ಕೈಯಾದರೂ ಕಪಾಟಿನಲ್ಲಿ ಕೂರುತ್ತದೆ.

ಗೋಣಿಯ ಬಾಯಿ ಹಿಡಿಯಲು, ಸ್ಪ್ರಿಂಕ್ಲರ್ ಪೈಪ್ ಜೋಡಿಸುವಾಗ ಒಂದು ತುದಿ ಒತ್ತಿಕೊಳ್ಳಲು, ಊಟದ ಬಟ್ಟಲು ಹಿಡಿಯಲು ಇದು ಸಾಕು. ಮರ ಹತ್ತುವುದಕ್ಕಲ್ಲ. ಮದ್ದು ಬಿಡುವಾಗಲೂ ಬೇಡ: ಬೋರ್ಡೋ ದ್ರಾವಣದ ಮೈಲುತುತ್ತು ಲೋಹವನ್ನು ತಿನ್ನುತ್ತದೆ, ಕೀಲುಗಳಲ್ಲಿ ಸುಣ್ಣ ಕಟ್ಟುತ್ತದೆ. ನಮ್ಮ ಸಲಹೆ ಕೇಳಿದರೆ, ತೋಟಕ್ಕೆ ಭುಜದ ಪಟ್ಟಿಯಿಂದ ಕೇಬಲ್ ಎಳೆದು ನಡೆಸುವ ಕೊಕ್ಕೆ ಇರಲಿ. ಚಾರ್ಜ್ ಬೇಡ, ಕೆಸರಾದರೆ ಕೊಕ್ಕೆಯನ್ನು ತೊಳೆದು ಒರಸಿದರಾಯಿತು. ಪೇಟೆಗೆ, ಮನೆಗೆ ರೋಬೋಟಿಕ್ ಕೈ. ಒಂದನ್ನೇ ಕೊಳ್ಳಲು ಸಾಧ್ಯವಿದ್ದರೆ ಕೊಕ್ಕೆಯನ್ನೇ ಕೊಳ್ಳಿ.

ಪ್ರಶ್ನೆ: ಕಳೆದ ವರ್ಷ ಹಾಕಿಸಿದ ಕೈ ಈಗ ಮಧ್ಯಾಹ್ನದ ಹೊತ್ತಿಗೆ ತಾನಾಗಿ ತೆರೆದುಕೊಳ್ಳುತ್ತದೆ, ಚಹಾದ ಲೋಟ ಬೀಳುತ್ತದೆ. ಮೋಟಾರ್ ಹಾಳಾಗಿದೆಯೇ?
– ಓದುಗರು, ಕುಂಬಳೆ

ಉತ್ತರ: ಬಹುಶಃ ಇಲ್ಲ. ಬೆಳಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವುದು ಸಾಕೆಟ್ ಸಡಿಲವಾದ ಲಕ್ಷಣ. ಮೊದಲ ವರ್ಷ ಉಳಿದ ಕೈಯ ತುಂಡು ಸಣಕಲಾಗುತ್ತಾ ಹೋಗುತ್ತದೆ. ಮೇಲಿಂದ ಬೆವರು ಸೇರಿದರೆ ಸಾಕೆಟ್ ಜಾರಿ, ಎಲೆಕ್ಟ್ರೋಡ್ ಚರ್ಮದಿಂದ ಎದ್ದುಬಿಡುತ್ತದೆ. ಹೀಗೆ ಎದ್ದ ಎಲೆಕ್ಟ್ರೋಡ್ ಮನೆಯ ವಯರಿಂಗ್‌ನ 50 ಹರ್ಟ್ಸ್ ಗದ್ದಲವನ್ನು ಹಿಡಿದು ಅದನ್ನೇ ಸ್ನಾಯುವಿನ ಸಂಕೇತವೆಂದು ಭ್ರಮಿಸಬಹುದು.

ಕೈ ಬಿಚ್ಚಿ, ಚರ್ಮವನ್ನೂ ಎಲೆಕ್ಟ್ರೋಡ್‌ನ ಲೋಹದ ಭಾಗವನ್ನೂ ಒಣಬಟ್ಟೆಯಲ್ಲಿ ಒರಸಿ ಮತ್ತೆ ತೊಡಿ. ಸ್ವಲ್ಪ ಹೊತ್ತು ಸರಿಯಾಗಿ ನಡೆದು ಮತ್ತೆ ಕೆಟ್ಟರೆ ತಂತ್ರಜ್ಞರಿಂದ ಒಳಗೆ ಪ್ಯಾಡ್ ಕೊಡಿಸಿ, ಇಲ್ಲವೇ ಹೊಸ ಸಾಕೆಟ್ ಮಾಡಿಸಿ. ಕೃತಕ ಕಾಲಿನವರ ಹಾಗೆ ಸಾಕ್ಸ್ ಏರಿಸಿ ಬಿಗಿ ಮಾಡಬೇಡಿ; ಎಲೆಕ್ಟ್ರೋಡ್‌ಗೆ ಚರ್ಮ ತಾಗಲೇಬೇಕು. ಪೌಡರ್ ಕೂಡ ಬೇಡ. ಎಲೆಕ್ಟ್ರೋಡ್‌ನ ಸೂಕ್ಷ್ಮತೆ ಏರಿಸಿದರೆ ಗದ್ದಲವೂ ಏರುತ್ತದೆ. ಬೆಳಗ್ಗೆ ಚರ್ಮ ಒಣಗಿದ್ದು ಕೈ ಅಲುಗದಿದ್ದರೆ ಮಾತ್ರ ಒಂದು ತೊಟ್ಟು ನೀರು ಸವರಿ.

ಪ್ರಶ್ನೆ: ಕೃತಕ ಕೈಕಾಲುಗಳಲ್ಲಿ ಮುಂದೆ ಏನೆಲ್ಲ ಬರಲಿದೆ?
– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಕಾಲಿನ ಮಟ್ಟಿಗೆ ಬಹಳಷ್ಟು ಬಂದಾಗಿದೆ. 1997ರ ಸಿ-ಲೆಗ್ ಎಂಬ ಕೃತಕ ಮಂಡಿಯೇ ಸೆಕೆಂಡಿಗೆ 50 ಸಲ ಅಳತೆ ತೆಗೆದು ಹೈಡ್ರಾಲಿಕ್ ಕವಾಟವನ್ನು ಬಿಗಿ-ಸಡಿಲ ಮಾಡುತ್ತಿತ್ತು. ಗುಡ್ಡ ಇಳಿಯುವಾಗ, ಎಡವಿದಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಅದು ಬ್ರೇಕ್ ಮಾತ್ರ, ಮೆಟ್ಟಿಲು ಹತ್ತಿಸುವುದಿಲ್ಲ. ಅದಕ್ಕೆ ಮೋಟಾರಿರುವ ಮಂಡಿ ಬೇಕು, ತೂಕ ಹೆಚ್ಚು.

ಭುಜದಿಂದಲೇ ಕೈ ಕಳೆದುಕೊಂಡವರ ನರಗಳನ್ನು ಎದೆಯ ಸ್ನಾಯುವಿಗೆ ಜೋಡಿಸಿ, ಅಲ್ಲಿಂದ ಸಂಕೇತ ಪಡೆಯುವ ಶಸ್ತ್ರಚಿಕಿತ್ಸೆಯನ್ನು ಷಿಕಾಗೋದಲ್ಲಿ ಟಾಡ್ ಕುಯ್ಕೆನ್ ತಂಡ ಈ ಶತಮಾನದ ಆರಂಭದಲ್ಲೇ ಮಾಡಿ ತೋರಿಸಿತು. ಸ್ಪರ್ಶವನ್ನು ನರಕ್ಕೆ ಮರಳಿಸುವ ಪ್ರಯತ್ನ ಹೆಚ್ಚಾಗಿ ಪ್ರಯೋಗಾಲಯಗಳಲ್ಲೇ ಇದೆ. ಅದಾದರೆ ಕಣ್ಣಿಟ್ಟು ನೋಡದೆಯೇ ಮೊಟ್ಟೆ ಹಿಡಿಯಬಹುದು. ಸಾಕೆಟ್ಟೇ ಬೇಡವೆಂದು ಟೈಟೇನಿಯಂ ಕಂಬವನ್ನು ಎಲುಬಿಗೆ ನೆಡುವ ವಿಧಾನ ಸ್ವೀಡನ್‌ನಲ್ಲಿ 1990ರಿಂದ ಇದೆ. ಅದರ ತೊಡಕು ಲೋಹ ಚರ್ಮದಿಂದ ಹೊರಬರುವ ಜಾಗ: ಸೋಂಕು ಅಲ್ಲಿಂದಲೇ ಒಳನುಗ್ಗುತ್ತದೆ. ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗದ ನಮ್ಮ ಊರಿನವರು ಆ ಜಾಗವನ್ನು ದಿನವೂ ತೊಳೆದು ಒಣಗಿಸಿಟ್ಟುಕೊಳ್ಳಬೇಕಾಗುತ್ತದೆ.