25 ಸಿಗಾರ್: ಒಂದೇ ಪೆಟ್ಟಿಗೆಯೋ, ಬಗೆಬಗೆಯೋ?

ಪ್ರಶ್ನೆ: ನಾನು ನಿವೃತ್ತ, ಮೈಸೂರಿನಲ್ಲಿ ವಾಸ. ನಮ್ಮದು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆ. ಇತ್ತೀಚಿನ ವರ್ಷಗಳಲ್ಲಿ ತಿಂಗಳಿಗೆ ಎರಡು ಸಿಗಾರ್ ಸೇದುವ ಅಭ್ಯಾಸವಾಗಿದೆ. ಮಗ ದುಬೈನಲ್ಲಿದ್ದಾನೆ, ವರ್ಷಕ್ಕೊಮ್ಮೆ ಬರುವಾಗ ತರುತ್ತಾನೆ. ಸುಂಕವಿಲ್ಲದೆ 25 ಮಾತ್ರ ತರಬಹುದಂತೆ. ಹೋದ ವರ್ಷ 25 ಬೇರೆ ಬೇರೆ ತಂದ. ಈಗ ನೆನಪಿರುವುದು ಎರಡೋ ಮೂರೋ. ಈ ಸಲ ಹೆಸರಾಂತ ಕ್ಯೂಬಾ ಸಿಗಾರಿನ ಒಂದೇ ಪೆಟ್ಟಿಗೆ ತರುತ್ತೇನೆ ಅನ್ನುತ್ತಿದ್ದಾನೆ. ನನಗೇನೋ ವರ್ಷವಿಡೀ ಒಂದೇ ರುಚಿಯೇ ಅಂತ ಹಿಂಜರಿಕೆ. ಯಾವುದು ಸರಿ?

ಉತ್ತರ: ಎರಡೂ ಬೇಡ ಅನ್ನುತ್ತೇನೆ. ಐದು ಬಗೆ ತರಿಸಿ, ಒಂದೊಂದರಲ್ಲಿ ಐದೈದು. ಲೆಕ್ಕ 25ಕ್ಕೇ ನಿಲ್ಲುತ್ತದೆ, ತಿಂಗಳಿಗೆ ಎರಡರಂತೆ ವರ್ಷಕ್ಕೂ ಸರಿಹೋಗುತ್ತದೆ. ಹೋದ ವರ್ಷದ 25ರಲ್ಲಿ ಎರಡು ಮೂರೇ ನೆನಪಿರುವುದಕ್ಕೆ ನಿಮ್ಮ ನೆನಪಿನ ಶಕ್ತಿಯನ್ನು ದೂರಬೇಡಿ. ಒಂದೊಂದೇ ಸೇದಿದರೆ ಯಾರಿಗಾದರೂ ಆಗುವುದು ಅಷ್ಟೇ.

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಕೈಯಲ್ಲಿ ಸುತ್ತಿದ ಸಿಗಾರಿಗೆ ಆ ಮಾತು ಒಪ್ಪುವುದಿಲ್ಲ. ಪಳಗಿದ ಕೈಯವರು ಒಳಗಿನ ಎಲೆಗಳನ್ನು ಒಂದರ ಮೇಲೊಂದು ಪೇರಿಸಿ ಸುತ್ತುವುದಿಲ್ಲ. ಪ್ರತಿ ಎಲೆಯನ್ನೂ ಸಣ್ಣ ಕೊಳವೆಯ ಹಾಗೆ ಮಡಚಿ, ಅಂಗೈಯಲ್ಲಿ ಒಟ್ಟುಗೂಡಿಸಿ, ಆಮೇಲೆ ಅದಕ್ಕೆ ಕಟ್ಟೆಲೆ, ಹೊರ ಎಲೆ ಸುತ್ತುತ್ತಾರೆ. ಆ ಕೊಳವೆಗಳ ನಡುವೆಯೇ ಗಾಳಿ ಹಾಯುವ ದಾರಿ ಇರುವುದು. ಎಲ್ಲೋ ಒಂದು ಎಲೆ ತಿರುಚಿಕೊಂಡರೆ ದಾರಿ ಕಟ್ಟಿಕೊಳ್ಳುತ್ತದೆ, ಕೆನ್ನೆ ಒಳಹೋಗುವಷ್ಟು ಎಳೆದರೂ ಹೊಗೆ ಬರುವುದಿಲ್ಲ. ತುಂಬುವ ಎಲೆ ಸ್ವಲ್ಪ ಕಡಿಮೆಯಾದರೆ ಹೊಗೆ ಬಿಸಿಯಾಗಿ ನಾಲಿಗೆ ಚುರುಗುಟ್ಟುತ್ತದೆ. ಒಂದೇ ಪೆಟ್ಟಿಗೆಯಲ್ಲಿ, ಒಂದೇ ಹೆಸರಿನ ಕಾಗದದ ಪಟ್ಟಿ ಹೊತ್ತ ಎರಡು ಸಿಗಾರಿನಲ್ಲಿ ಇಷ್ಟು ವ್ಯತ್ಯಾಸ ಬರಬಹುದು. ಅದರ ಜೊತೆಗೆ ನಮ್ಮ ಬಾಯಿಯ ಪಾಡೂ ಇದೆ. ಬಿಸಿಬೇಳೆಭಾತ್ ಉಂಡ ಮೇಲೆ ಸೇದಿದ ಸಿಗಾರ್ ಒಂದು, ಸಂಜೆ ಕಾಫಿಯ ಜೊತೆ ಸೇದಿದ್ದೇ ಇನ್ನೊಂದು.

ಹಾಗಾಗಿ ನನ್ನ ಲೆಕ್ಕ ಹೀಗೆ: ಮೊದಲನೆಯದು ಬರೀ ಪರಿಚಯ. ಎರಡನೆಯದರಲ್ಲಿ ಮೊದಲ ಅಭಿಪ್ರಾಯ ನಿಲ್ಲುತ್ತದೆಯೋ ಬೀಳುತ್ತದೆಯೋ ಗೊತ್ತಾಗುತ್ತದೆ. ಮೂರನೆಯದು ಮುಗಿಯುವ ತನಕ ಒಂದು ಸಿಗಾರಿನ ಬಗ್ಗೆ ಒಳ್ಳೆಯದೋ ಕೆಟ್ಟದ್ದೋ ಹೇಳುವ ಹಕ್ಕು ನನಗಿಲ್ಲ ಅಂದುಕೊಂಡಿದ್ದೇನೆ. ಉಳಿದ ಎರಡನ್ನು ಆರು ತಿಂಗಳು ಎತ್ತಿಡಿ. ಕೆಲವು ಸಿಗಾರ್ ಕೊಂಡ ಹೊಸದರಲ್ಲಿ ಮೂಗಿಗೆ ಅಮೋನಿಯಾದ ಘಾಟು ಹೊಡೆಯುತ್ತವೆ, ಇಟ್ಟಷ್ಟೂ ಆ ಘಾಟು ಇಳಿದು ಮೆತ್ತಗಾಗುತ್ತವೆ. ಆ ಬದಲಾವಣೆ ನೋಡುವುದರಲ್ಲಿ ಸಿಗುವ ಸಂತೋಷ 25 ಬೇರೆ ಬೇರೆ ಪಟ್ಟಿಗಳಲ್ಲಿ ಸಿಗುವುದಿಲ್ಲ.

ನೀವು ಹೊಗೆಸೊಪ್ಪಿನ ಮನೆಯವರು ಎಂದಿದ್ದೀರಿ, ಅದರಿಂದ ಈ ಮಾತು ಸುಲಭ. ಗಿಡದ ಕೆಳಗಿನ ಎಲೆ ಮೊದಲು ಮಾಗುತ್ತದೆ, ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಮುರಿಯುತ್ತಾ ಹೋಗುತ್ತೀರಿ. ಸಿಗಾರಿನ ಎಲೆಯೂ ಹಾಗೆಯೇ. ಕ್ಯೂಬಾದವರು ಕೆಳಗಿನ ಎಲೆಗೆ ವೊಲಾಡೊ ಅನ್ನುತ್ತಾರೆ, ಅದು ಚೆನ್ನಾಗಿ ಉರಿಯುತ್ತದೆ, ಕಸುವು ಕಡಿಮೆ. ನಡುವಿನದು ಸೆಕೊ, ಪರಿಮಳ ಅದರದ್ದು. ಹೆಚ್ಚು ಬಿಸಿಲುಂಡ ಮೇಲಿನ ಎಲೆ ಲಿಹೆರೊ: ದಪ್ಪ, ಅಂಟು, ಖಾರ, ನಿಧಾನವಾಗಿ ಉರಿಯುವಂಥದ್ದು. ಅದಕ್ಕೇ ಅದನ್ನು ಸಿಗಾರಿನ ನಟ್ಟನಡುವೆ ಇಡುತ್ತಾರೆ. ಆದರೆ ಹದ ಮಾಡುವುದು ಪೂರಾ ಬೇರೆ. ನಿಮ್ಮ ಬ್ಯಾರನ್ನಿನಲ್ಲಿ, ಅಂದರೆ ಎಲೆ ಹದಮಾಡುವ ಮನೆಯಲ್ಲಿ, ಬಿಸಿಗಾಳಿ ಕೊಟ್ಟು ಒಂದು ವಾರದೊಳಗೆ ಎಲೆಯನ್ನು ಹಳದಿಗೆ ತರುತ್ತೀರಿ, ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಸಿಗಾರಿನ ಎಲೆಯನ್ನು ಬೆಂಕಿ ತೋರಿಸದೆ ನೆರಳಿನ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಕಂದು ಬಣ್ಣಕ್ಕೆ ತಿರುಗಿಸುತ್ತಾರೆ. ಸಕ್ಕರೆ ಹೋಗಿಬಿಡುತ್ತದೆ. ಆಮೇಲೆ ರಾಶಿ ಹಾಕಿ, ಒಳಗೊಳಗೇ ಕಾವು ಏರಿದ ಹಾಗೆಲ್ಲ ಮಗುಚಿ ಹಾಕಿ ಹುದುಗಿಸುತ್ತಾರೆ. ಅಮೋನಿಯಾ ಹೊರಟುಹೋಗುವುದು ಆ ರಾಶಿಯಲ್ಲೇ. ಅವಸರ ಮಾಡಿದರೆ ಆ ಘಾಟು ಪೆಟ್ಟಿಗೆಯ ತನಕ ಹಿಂಬಾಲಿಸುತ್ತದೆ.

ನಾನು ಗುಣಮಟ್ಟ ಅನ್ನುವುದು ಇದಕ್ಕೆ: ಹುದುಗು, ಸುತ್ತು, ಆಮೇಲೆ ಇಟ್ಟ ಜಾಗದ ತೇವ. ಬೆಲೆಯೇ ಬೇರೆ ಸಂಗತಿ. 2022ರಲ್ಲಿ ಕ್ಯೂಬಾದ ಕೊಹೀಬಾ ಮತ್ತು ಟ್ರಿನಿಡಾಡ್ ಸಿಗಾರುಗಳ ಬೆಲೆಯನ್ನು ಜಗತ್ತಿನ ಎಲ್ಲ ಕಡೆ ಹಾಂಗ್‌ಕಾಂಗಿನ ಮಟ್ಟಕ್ಕೆ ಏರಿಸಿದರು. ಎಷ್ಟೋ ದೇಶಗಳಲ್ಲಿ ದರ ಒಮ್ಮೆಲೇ ಆಕಾಶಕ್ಕೆ ಹೋಯಿತು. ಹಾಗೆಂದು ಪೆಟ್ಟಿಗೆಯೊಳಗಿನ ಎಲೆ ರಾತ್ರೋರಾತ್ರಿ ಉತ್ತಮವಾಗಲಿಲ್ಲ. 1966ರಲ್ಲಿ ಶುರುವಾದ ಕೊಹೀಬಾ ಮೊದಲು ಕ್ಯೂಬಾದ ನಾಯಕ ಕ್ಯಾಸ್ಟ್ರೊ ಅವರಿಗೂ ವಿದೇಶಿ ಗಣ್ಯರಿಗೆ ಕೊಡುವ ಉಡುಗೊರೆಗೂ ಮೀಸಲಾಗಿತ್ತು. 1982ರ ನಂತರವೇ ಎಲ್ಲರಿಗೂ ಮಾರಾಟಕ್ಕೆ ಬಂದದ್ದು. ಆ ಕತೆಗೂ ನೀವು ದುಡ್ಡು ಕೊಡುತ್ತೀರಿ. ಮಗ ಪ್ರೀತಿಯಿಂದ ಒಂದು ತಂದರೆ ಸಂತೋಷವಾಗಿ ಸೇದಿ, ಪೆಟ್ಟಿಗೆಗಟ್ಟಲೆ ಬೇಡ.

ಇನ್ನು ಯಾವ ಐದು? ಅಳತೆ ಒಂದೇ ಇರಲಿ, ಇದು ಮುಖ್ಯ. ರೊಬುಸ್ಟೊ ಎಂಬ ಅಳತೆ ಹಿಡಿಯಿರಿ: ಸುಮಾರು 124 ಮಿಲಿಮೀಟರ್ ಉದ್ದ, 50 ರಿಂಗ್ ದಪ್ಪ. ಒಂದು ರಿಂಗ್ ಅಂದರೆ ಅಂಗುಲದ 64ನೇ ಒಂದು ಭಾಗ, ಆ ಲೆಕ್ಕಕ್ಕೆ 50 ರಿಂಗ್ ಎಂದರೆ ಹೆಚ್ಚುಕಡಿಮೆ 20 ಮಿಲಿಮೀಟರ್. ಅಳತೆ ಬದಲಾದರೆ ಉರಿಯುವ ಬಿಸಿ ಬದಲಾಗುತ್ತದೆ, ರುಚಿಯ ವ್ಯತ್ಯಾಸ ಎಲೆಯದ್ದೋ ಗಾತ್ರದ್ದೋ ತಿಳಿಯದೆ ಹೋಗುತ್ತದೆ. ಕ್ಯೂಬಾದಿಂದ ಎರಡು: ಹೋಯೊ ಡಿ ಮಾಂಟೆರ್ರೇ ಎಪಿಕ್ಯೂರ್ ನಂ. 2 ಮತ್ತು ಪಾರ್ಟಗಾಸ್ ಸೀರೀ ಡಿ ನಂ. 4. ಎರಡೂ ಒಂದೇ ದೇಶ, ಒಂದೇ ಉದ್ದ, ಒಂದೇ ದಪ್ಪ. ಮೊದಲನೆಯದು ಕೆನೆಯ ಹಾಗೆ ಮೃದು, ಎರಡನೆಯದು ಮೆಣಸು ಮತ್ತು ಮಣ್ಣು. ವೈವಿಧ್ಯ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮುಂದಿಡುವುದು ಇವೆರಡನ್ನೇ. ಪಟ್ಟಿ ನೂರು ಬದಲಾಯಿಸಬೇಕಿಲ್ಲ, ಒಳಗಿನ ಎಲೆಗಳ ಪಾಲು ಬದಲಾದರೆ ಸಾಕು. ಮೂರನೆಯದು ನಿಕರಾಗ್ವಾದ ಪಡ್ರೋನ್, ನಾಲ್ಕನೆಯದು ಡೊಮಿನಿಕನ್ ರಿಪಬ್ಲಿಕ್ಕಿನ ಆರ್ಟುರೊ ಫುಯೆಂಟೆ. ಐದನೆಯದನ್ನು ನಾನು ಹೇಳುವುದಿಲ್ಲ. ಹೋದ ವರ್ಷದ ಆ ಎರಡು ಮೂರು ನೆನಪಿನಲ್ಲಿ ಒಂದನ್ನು ಆರಿಸಿ ಮಗನಿಗೆ ಹೇಳಿ. 25ರ ನಡುವೆ ತಾನಾಗಿ ನೆನಪಿನಲ್ಲಿ ಉಳಿದದ್ದಕ್ಕೆ ಏನೋ ಗುಣ ಇದ್ದೇ ಇರುತ್ತದೆ.

ಅಂಗಡಿಯಲ್ಲಿ ಮಗ ಮಾಡಬೇಕಾದ್ದು ಇಷ್ಟು. ಸಿಗಾರನ್ನು ಹೆಬ್ಬೆರಳು, ತೋರುಬೆರಳ ನಡುವೆ ಬುಡದಿಂದ ತುದಿಯವರೆಗೆ ಮೆಲ್ಲಗೆ ಒತ್ತುತ್ತಾ ಬರಲಿ. ಮಾಗುತ್ತಿರುವ ಸಪೋಟದ ಹಾಗೆ ಸ್ವಲ್ಪ ತಗ್ಗಿ ಮತ್ತೆ ಏಳಬೇಕು. ಗಂಟು ಸಿಕ್ಕರೆ ಬಿಡಲಿ, ಚರಚರ ಸದ್ದು ಬಂದರೆ ಒಣಗಿದೆ, ಅದನ್ನೂ ಬಿಡಲಿ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೊಹೀಬಾ ತೋರಿಸಿದವರ ಹತ್ತಿರ ಏನನ್ನೂ ಕೊಳ್ಳುವುದು ಬೇಡ, ಆ ಪೆಟ್ಟಿಗೆ ಕ್ಯೂಬಾದಿಂದ ಬಂದದ್ದಲ್ಲ. ಅಸಲಿ ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯ ಗುಟ್ಟಿನ ಅಕ್ಷರಗಳೂ ತಿಂಗಳು, ವರ್ಷವೂ ಒತ್ತಿರುತ್ತವೆ. ವರ್ಷ ಎರಡು ವರ್ಷ ಹಳೆಯದಾಗಿದ್ದರೆ ಇನ್ನೂ ಒಳ್ಳೆಯದು.

ಮಿತಿಯ ಬಗ್ಗೆ ಒಂದು ಮಾತು. 100 ಸಿಗರೇಟು, 25 ಸಿಗಾರ್, 125 ಗ್ರಾಂ ಹೊಗೆಸೊಪ್ಪು, ಈ ಮೂರರಲ್ಲಿ ಒಂದಕ್ಕೆ ಮಾತ್ರ ವಿನಾಯಿತಿ. ಮಗ ಸ್ನೇಹಿತರಿಗೆಂದು ಸಿಗರೇಟನ್ನೂ ಹಾಕಿಕೊಂಡರೆ ತೊಂದರೆ.

ಬಗೆಬಗೆಯ ಆಸೆ ನನಗೂ ಇತ್ತು. ಒಂದು ಪ್ರಯಾಣದಲ್ಲಿ ಕಂಡದ್ದೆಲ್ಲ ಒಂದೊಂದು ಆರಿಸಿ, ಇಪ್ಪತ್ತಕ್ಕೂ ಹೆಚ್ಚು ಬಿಡಿ ಸಿಗಾರ್ ತಂದು ಒಂದೇ ಡಬ್ಬಿಯಲ್ಲಿ ಇಟ್ಟೆ. ಅದರಲ್ಲಿ ಒಂದು ವೆನಿಲಾ ಪರಿಮಳ ಬೆರೆಸಿದ್ದು, ಅಂಗಡಿಯವರು ಪ್ರೀತಿಯಿಂದ ಕೈಗಿಟ್ಟಿದ್ದು. ಎರಡು ತಿಂಗಳ ಮೇಲೆ ಮುಚ್ಚಳ ತೆಗೆದರೆ ಬೇಕರಿಯ ವಾಸನೆ. ಒಂದಾದರೂ ಉಳಿದಿರಬಹುದು ಎಂದು ಒಂದೊಂದನ್ನೇ ಹಚ್ಚಿ ನೋಡಿದೆ, ಎಲ್ಲದರಲ್ಲೂ ಅದೇ ಸಿಹಿ. ಹೊಗೆಸೊಪ್ಪು ಪಕ್ಕದಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತದೆ. ಬಗೆಗಳು ಹೆಚ್ಚಾದಷ್ಟೂ ಡಬ್ಬಿಗಳೂ ಹೆಚ್ಚಾಗಬೇಕು.

ಪ್ರಶ್ನೆ: ಸಿಗಾರಿನ ಹೊಗೆಯನ್ನು ಒಳಗೆ ಎಳೆಯುವುದಿಲ್ಲ, ಒಳ್ಳೆಯ ಗುಣಮಟ್ಟದ್ದರಲ್ಲಿ ರಾಸಾಯನಿಕವೂ ಇಲ್ಲ, ಹಾಗಾಗಿ ಹಾನಿ ಇಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ನನಗೆ 24 ವರ್ಷ, ಇನ್ನೂ ಶುರು ಮಾಡಿಲ್ಲ.

ಉತ್ತರ: ನಿಜವಲ್ಲ. ಮೇಲೆ ಹೇಳಿದ ಹದದ ವ್ಯತ್ಯಾಸದಲ್ಲೇ ಇದಕ್ಕೆ ಕಾರಣ ಇದೆ. ಬ್ಯಾರನ್ನಿನಲ್ಲಿ ಹದವಾದ ಸಿಗರೇಟಿನ ಎಲೆಯ ಹೊಗೆ ಆಮ್ಲೀಯ. ಅದರ ನಿಕೋಟಿನ್ ಮುಖ್ಯವಾಗಿ ಶ್ವಾಸಕೋಶಕ್ಕೆ ಇಳಿದ ಮೇಲೆ ರಕ್ತ ಸೇರುತ್ತದೆ. ನೆರಳಲ್ಲಿ ಹದವಾದ ಸಿಗಾರಿನ ಹೊಗೆ ಕ್ಷಾರೀಯ. ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ಹೀರಲ್ಪಡುತ್ತದೆ. ಒಳಗೆ ಎಳೆಯಬೇಕಾಗಿಯೇ ಇಲ್ಲ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ, ಎಷ್ಟೇ ಉತ್ತಮ ಎಲೆಯಾದರೂ. ನಾನು ಈ ಎಲೆಯನ್ನು ಪ್ರೀತಿಸುವವನು, ಅದರ ಬಗ್ಗೆ ಬರೆಯುವವನು. ಆದರೂ ಶುರು ಮಾಡದವರಿಗೆ ಶುರು ಮಾಡಿ ಎಂದು ಒಮ್ಮೆಯೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಮೇಲಿನ ಪ್ರಶ್ನೆ ಕೇಳಿದ ಹಿರಿಯರು ಬಾಯಲ್ಲಿ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಮಂಗಳೂರಿನಲ್ಲಿದ್ದೇನೆ. ಉಡುಗೊರೆಯಾಗಿ ಬಂದ ಸಿಗಾರುಗಳ ಮೇಲೆ ಸಣ್ಣ ಸಣ್ಣ ತೂತು, ಕೆಳಗೆ ಪುಡಿ. ಏನಿದು? ಉಳಿದವನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಸೂಜಿಯಿಂದ ಚುಚ್ಚಿದ ಹಾಗೆ ದುಂಡಗೆ ಇದ್ದರೆ ಅದು ಹೊಗೆಸೊಪ್ಪಿನ ದುಂಬಿ. ಅಡುಗೆಮನೆಯಲ್ಲಿ ಹಳೆಯ ಅರಿಸಿನ, ಮೆಣಸಿನಕಾಯಿ ಡಬ್ಬಿಯಲ್ಲಿ ಕಾಣುವ ಕಂದು ಬಣ್ಣದ ಪುಟ್ಟ ಹುಳುವೂ ಅದೇ, ಲಾಸಿಯೋಡರ್ಮಾ ಸೆರಿಕಾರ್ನೆ. ಮೊಟ್ಟೆ ಎಲೆಯ ಜೊತೆಗೇ ಬಂದಿರುತ್ತದೆ, ಕೋಣೆ ಬೆಚ್ಚಗಾದರೆ ಒಡೆದು ಮರಿಯಾಗುತ್ತದೆ. ನಿಮ್ಮ ಊರಿನ ಸೆಕೆ, ತೇವ ಎರಡೂ ಅದಕ್ಕೆ ಹಬ್ಬ. ಮೈಸೂರಿನವರಿಗೆ ಇನ್ನೊಂದು ಕಷ್ಟ, ಮಾರ್ಚ್‌ ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿ ಹೊರ ಎಲೆ ಸೀಳುತ್ತದೆ.

ತೂತು ಬಿದ್ದವನ್ನು ಎಸೆದುಬಿಡಿ. ಉಳಿದವನ್ನು ಗಾಳಿಯಾಡದ ಜಿಪ್ ಚೀಲದಲ್ಲಿ, ಅದನ್ನು ಇನ್ನೊಂದು ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಮೂರು ದಿನ ಇಡಿ. ಆಮೇಲೆ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಒಂದು ದಿನ. ಕೊನೆಗೆ ಚೀಲ ಬಿಚ್ಚದೆಯೇ ಹೊರಗೆ ಅರ್ಧ ದಿನ. ನೇರವಾಗಿ ಸೆಕೆಗೆ ತೆಗೆದರೆ ಹೊರ ಎಲೆ ಬಿರಿಯುತ್ತದೆ.

ಹ್ಯೂಮಿಡಾರ್ ಎಂಬ, ತೇವ ಕಾಯುವ ದುಬಾರಿ ಮರದ ಪೆಟ್ಟಿಗೆ ಬೇಕಾಗಿಲ್ಲ. ರಬ್ಬರ್ ಅಂಚಿನ ಮುಚ್ಚಳವಿರುವ, ಮಸಾಲೆ ಸೋಕದ ಹೊಸ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಶೇಕಡಾ 65ರ ಗುರುತಿನ ತೇವ ಕಾಯುವ ಪೊಟ್ಟಣ, ಒಂದು ಚಿಕ್ಕ ತೇವಮಾಪಕ ಇರಲಿ. ಮಾಪಕವನ್ನು ನಂಬುವ ಮುನ್ನ ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗದೆ ಕೆಸರಾಗುವಷ್ಟೇ ನೀರು ಬಿಟ್ಟು, ಮಾಪಕದ ಜೊತೆ ಒಂದು ಚೀಲದಲ್ಲಿ ಕಟ್ಟಿಡಿ. ಎಂಟು ಗಂಟೆಯ ಮೇಲೆ ಅದು 75 ತೋರಿಸಬೇಕು. 71 ತೋರಿಸಿದರೆ ಮುಂದೆ ಯಾವಾಗ ನೋಡಿದರೂ ನಾಲ್ಕು ಕೂಡಿಸಿಕೊಳ್ಳಿ. ಡಬ್ಬಿಯನ್ನು ಮನೆಯ ಅತಿ ತಂಪಾದ ಗೋಡೆಯ ಪಕ್ಕ, ನೆಲಕ್ಕೆ ಹತ್ತಿರವಾಗಿ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಚ್ಚಳ ತೆಗೆದು, ಬೂಸ್ಟು ಬಂದಿದೆಯೇ ಎಂದು ಒಂದೊಂದನ್ನೂ ಹೊರಳಿಸಿ ನೋಡಿ.