120 ಲೀಟರ್‌ನಿಂದ 300 ಲೀಟರ್‌ಗೆ: ಹಳೇ ಮರಳನ್ನು ಮಾತ್ರ ಹಾಗೇ ಸುರಿಯಬೇಡಿ

ನೀವು ಕೇಳಿದ್ದು ಇಷ್ಟು: 120 ಲೀಟರಿನ ಉಪ್ಪುನೀರಿನ ಟ್ಯಾಂಕ್ ಎರಡು ವರ್ಷದಿಂದ ಚೆನ್ನಾಗಿ ನಡೆಯುತ್ತಿದೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಸೀಗಡಿ, ಸ್ವಲ್ಪ ಹವಳ ಇವೆ. ಈಗ 300 ಲೀಟರಿನ ಟ್ಯಾಂಕ್ ತಂದಿದ್ದೀರಿ. ಎಲ್ಲವನ್ನೂ ಒಂದೇ ದಿನ ಸಾಗಿಸಬಹುದಾ, ಇಲ್ಲಾ ಹೊಸದನ್ನು ಮತ್ತೆ ವಾರಗಟ್ಟಲೆ ಸೈಕಲ್ ಮಾಡಬೇಕಾ, ಅಂದರೆ ಗಲೀಜು ತಿನ್ನುವ ಬ್ಯಾಕ್ಟೀರಿಯ ಬೆಳೆಯುವ ತನಕ ಕಾಯಬೇಕಾ?

ಒಂದೇ ದಿನದಲ್ಲಿ ಆಗುತ್ತದೆ. ಮತ್ತೆ ಸೈಕಲ್ ಬೇಕಾಗಿಲ್ಲ. ಮೀನಿನ ಗಲೀಜಿನಿಂದ ಬರುವ ವಿಷ, ಅಂದರೆ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ನೀರಿನಲ್ಲಿ ತೇಲುತ್ತಾ ಇರುವುದು ಬಹಳ ಕಡಿಮೆ. ಅವು ಕಲ್ಲಿಗೆ, ಮರಳಿಗೆ, ಫಿಲ್ಟರ್ ಮೀಡಿಯಾಕ್ಕೆ (ಫಿಲ್ಟರ್ ಒಳಗೆ ತುಂಬಿರುವ ಸ್ಪಂಜು ಮುಂತಾದ್ದು) ಅಂಟಿಕೊಂಡಿರುತ್ತವೆ. ಟ್ಯಾಂಕ್ ದೊಡ್ಡದಾಯಿತು ಅಂತ ಮೀನು ಜಾಸ್ತಿ ಗಲೀಜು ಮಾಡುವುದಿಲ್ಲ ಅಲ್ವಾ? ಅದೇ ಮೀನು, ಅದೇ ಕಲ್ಲು ಅಂದರೆ ಲೆಕ್ಕ ಸರಿಹೋಗುತ್ತದೆ. ಹೊಸ ಮೀನು ತರುವ ಆಸೆಯನ್ನು ಮಾತ್ರ ಸ್ವಲ್ಪ ದಿನ ತಡೆದುಕೊಳ್ಳಿ.

ಅಪಾಯ ಇರುವುದು ಮರಳಿನಲ್ಲಿ. ನಾನು ಮೊದಲ ಸಲ ಸಾಗಿಸಿದಾಗ "ಮರಳಿನಲ್ಲೂ ಬ್ಯಾಕ್ಟೀರಿಯ ಇದೆ, ಸುಮ್ನೆ ಯಾಕೆ ಬಿಸಾಡಬೇಕು" ಅಂತ ಮಗ್ಗಿನಲ್ಲಿ ತೋಡಿ ತೋಡಿ ಹೊಸ ಟ್ಯಾಂಕಿಗೆ ಸುರಿದೆ. ನೀರು ಕೆಸರಾಯಿತು. ರಾತ್ರಿ ಕಳೆದರೆ ತಿಳಿಯಾಗುತ್ತದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಗೋಬಿ ಮೀನು ಸತ್ತಿತ್ತು, ಉಳಿದ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಮೋನಿಯ ಟೆಸ್ಟ್ ಮಾಡಿದರೆ ಟ್ಯೂಬಿನ ನೀರು ಕಡು ಹಸಿರು. ವರ್ಷಗಟ್ಟಲೆ ಮರಳಿನ ಕೆಳಗೆ ಕೂತಿದ್ದ ಹಿಕ್ಕೆ, ಕೊಳೆತ ಆಹಾರ ಎಲ್ಲವನ್ನೂ ನಾನೇ ಕೈಯಾರೆ ಕಲಕಿ ಕುಡಿಸಿದ್ದೆ. ಉಪ್ಪುನೀರಿನ ಪಿಎಚ್ 8.2ರ ಆಸುಪಾಸು ಇರುವುದರಿಂದ ಅಮೋನಿಯ ಇಲ್ಲಿ ಸಿಹಿನೀರಿಗಿಂತ ಹೆಚ್ಚು ವಿಷ. ಮರಳಿನ ಹಾಸು ದಪ್ಪ ಇದ್ದು, ಕೆಳಗೆ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಅದು ಇನ್ನೂ ಕೆಟ್ಟದ್ದು.

ಹಾಗಾಗಿ ಹೊಸ ಮರಳು ತನ್ನಿ, ಚೆನ್ನಾಗಿ ತೊಳೆದು ಹಾಕಿ. ಹಳೇದರ ಮೇಲ್ಪದರದಿಂದ ಒಂದೆರಡು ಬಟ್ಟಲು ತೆಗೆದು ಮೇಲೆ ಉದುರಿಸಿದರೆ ಸಾಕು. ಹಳೇ ಮರಳೇ ಬೇಕು ಅಂದರೆ ನೀರು ತಿಳಿಯಾಗಿ ಬರುವ ತನಕ ತೊಳೆಯಿರಿ. ಬ್ಯಾಕ್ಟೀರಿಯ ಸಾಯುತ್ತದೆ, ಸಾಯಲಿ. ಕಲ್ಲಿನಲ್ಲಿ ಇದೆಯಲ್ಲ.

ತಯಾರಿ ಎರಡು ದಿನ ಮೊದಲೇ ಶುರುವಾಗಬೇಕು. ಹೊಸ ಟ್ಯಾಂಕಿಗೆ ಬರೀ ಸಿಹಿನೀರು ತುಂಬಿ ಒಂದು ದಿನ ಬಿಟ್ಟು ಸೋರುತ್ತಾ ನೋಡಿ. ಸ್ಟ್ಯಾಂಡ್ ಸಮ ಇದೆಯಾ ಅಂತಲೂ ಆಗಲೇ ಗೊತ್ತಾಗುತ್ತದೆ. ನೀರಿನ ಜೊತೆ ಗಾಜು, ಕಲ್ಲು, ಮರಳು ಸೇರಿದರೆ ತೂಕ 400 ಕೆಜಿ ಹತ್ತಿರ ಹೋಗುತ್ತದೆ. ತುಂಬಿದ ಮೇಲೆ ಸರಿಸುವ ಮಾತೇ ಇಲ್ಲ. ಆಮೇಲೆ ಆರ್‌ಓ ನೀರಿನಲ್ಲಿ ಉಪ್ಪು ಕಲಸಿ, ಹೀಟರ್ ಮತ್ತು ಪವರ್‌ಹೆಡ್ (ನೀರು ಸುತ್ತಿಸುವ ಪಂಪ್) ಹಾಕಿ ಒಂದು ದಿನ ಓಡಲು ಬಿಡಿ. ಸುಮಾರು 200 ಲೀಟರ್ ಬೇಕಾಗುತ್ತದೆ. ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ ಪುಸ್ತಕದ ಲೆಕ್ಕದಲ್ಲಿ 1.025 ಇರಬಹುದು, ಆದರೆ ನೀವು ಹೊಂದಿಸಬೇಕಾದ್ದು ನಿಮ್ಮ ಹಳೇ ಟ್ಯಾಂಕಿಗೆ. ಅಲ್ಲಿ 1.023 ಇದ್ದರೆ ಹೊಸ ನೀರೂ 1.023 ಇರಲಿ. ಮುಂದೆ ವಾರಗಳಲ್ಲಿ ನಿಧಾನವಾಗಿ ಏರಿಸಿ. ಉಪ್ಪು ದಿಢೀರ್ ಬದಲಾದರೆ ಮೀನಿಗಿಂತ ಮೊದಲು ಸೀಗಡಿ ಹೋಗುತ್ತದೆ. ಉಷ್ಣತೆಯೂ ಎರಡು ಕಡೆ ಒಂದೇ ಇರಲಿ.

ಸಾಗಿಸುವ ದಿನ ಮೊದಲು ಹೀಟರ್ ಸ್ವಿಚ್ ಆಫ್ ಮಾಡಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು. ಆಮೇಲೆ ಏನನ್ನೂ ಮುಟ್ಟುವ ಮೊದಲು, ತಿಳಿ ಇರುವಾಗಲೇ, ಪೈಪಿನಲ್ಲಿ ನೀರು ಎಳೆದು ಬಕೆಟ್ ತುಂಬಿಕೊಳ್ಳಿ. ಸೋಪು ಕಾಣದ ಬಕೆಟ್ ಆಗಿರಬೇಕು. ಹವಳ ಒಂದರಲ್ಲಿ, ಕಲ್ಲು ಇನ್ನೊಂದರಲ್ಲಿ. ಕಲ್ಲನ್ನು ಅದೇ ನೀರಿನಲ್ಲಿ ಜಾಲಾಡಿಸಿದರೆ ಎಷ್ಟು ಗಲೀಜು ಬೀಳುತ್ತದೆ ಅಂತ ನೋಡಿ ನೀವೇ ಬೆಚ್ಚುತ್ತೀರಿ. ಜಾಲಾಡಿಸಿದ ನೀರು ಚರಂಡಿಗೆ. ಕಲ್ಲು ಒಣಗಬಾರದು, ಕೈಯಲ್ಲಿ ಗ್ಲೌಸ್ ಇರಲಿ. ಜೋವಾಂಥಿಡ್ ಹವಳ ಇದ್ದರಂತೂ ಬರಿಗೈ ಬೇಡವೇ ಬೇಡ, ಅವುಗಳಲ್ಲಿ ಕೆಲವದರಲ್ಲಿ ಬಹಳ ಕಟುವಾದ ವಿಷ ಇರುತ್ತದೆ.

ಮೀನು ಹಿಡಿಯುವುದು ಇದೆಲ್ಲ ಆದ ಮೇಲೆ. ಕಲ್ಲು ಇರುವಾಗ ಬಲೆ ಹಿಡಿದು ಅಟ್ಟಾಡಿಸಿದರೆ ನಿಮಗೂ ಸುಸ್ತು, ಅವಕ್ಕೂ ಸುಸ್ತು. ಕಲ್ಲು ತೆಗೆದು, ನೀರು ಒಂದು ಗೇಣಿಗೆ ಇಳಿದ ಮೇಲೆ ಎರಡು ನಿಮಿಷದ ಕೆಲಸ. ಬಕೆಟ್‌ಗೆ ಏರ್ ಪಂಪ್ ಹಾಕಿ, ಮೇಲೆ ಮುಚ್ಚಿ. ಹಾರುತ್ತವೆ.

ಹೊಸ ಟ್ಯಾಂಕಿನಲ್ಲಿ ಕಲ್ಲನ್ನು ನೇರವಾಗಿ ತಳದ ಗಾಜಿನ ಮೇಲೆ ಕೂರಿಸಿ, ಮರಳನ್ನು ಸುತ್ತ ಸುರಿಯಿರಿ. ಮರಳಿನ ಮೇಲೆ ಕಲ್ಲು ಇಟ್ಟರೆ, ತೋಡುವ ಪ್ರಾಣಿ ಒಂದು ಬಂದರೂ ಗುಡ್ಡೆ ಕುಸಿಯುತ್ತದೆ. ಎತ್ತಿಟ್ಟ ಹಳೇ ನೀರು, ಹೊಸ ನೀರು ಎರಡನ್ನೂ ಹಾಕಿ. ಹಳೇ ಫಿಲ್ಟರ್ ಮೀಡಿಯಾವನ್ನು ನಲ್ಲಿ ನೀರಿನಲ್ಲಿ ತೊಳೆಯದೆ ಹಾಗೇ ಸೇರಿಸಿ. ಹೀಟರ್, ಪಂಪ್ ಓಡಿಸಿ, ನೀರು ಸ್ವಲ್ಪ ತಿಳಿಯಾದ ಮೇಲೆ ಹವಳ, ಕೊನೆಗೆ ಮೀನು.

ಒಂದು ವಾರ ದಿನಾ ಅಮೋನಿಯ ನೋಡಿ, ಊಟ ಅರ್ಧಕ್ಕೆ ಇಳಿಸಿ. ಇನ್ನೊಂದು 50 ಲೀಟರ್ ಉಪ್ಪುನೀರು ಕಲಸಿ ಪಕ್ಕದಲ್ಲಿ ಇಟ್ಟಿರಿ. ಅಮೋನಿಯ ಕಂಡರೆ ಆಗ ಉಪ್ಪು ಕಲಸುತ್ತಾ ಕೂರಲು ಸಮಯ ಇರುವುದಿಲ್ಲ. ದೊಡ್ಡ ಟ್ಯಾಂಕಿಗೆ ಹೊಸ ಲೈಟೂ ತಂದಿದ್ದರೆ ಅದನ್ನು ಮೊದಲು ಅರ್ಧ ಪ್ರಖರತೆಯಲ್ಲಿ ಇಟ್ಟು ಎರಡು ಮೂರು ವಾರದಲ್ಲಿ ಏರಿಸಿ, ಇಲ್ಲದಿದ್ದರೆ ಹವಳ ಬೆಳ್ಳಗಾಗುತ್ತದೆ. ಅಂದಹಾಗೆ, ನಿಮ್ಮ ಹಳೇ ಮರಳು ಎಷ್ಟು ಇಂಚು ದಪ್ಪ ಇದೆ ಅಂತ ಬರೆದಿಲ್ಲ. ನಾಲ್ಕು ಇಂಚಿಗಿಂತ ಜಾಸ್ತಿ ಇದ್ದರೆ ಮೇಲ್ಪದರದ ಆ ಒಂದೆರಡು ಬಟ್ಟಲು ಮರಳನ್ನೂ ಹಳೇ ಟ್ಯಾಂಕಿನಲ್ಲಿ ಮೀನು ಇಲ್ಲದಿರುವಾಗಲೇ ತೆಗೆಯಿರಿ.